ಶಿಲ್ಕು ಎಣಿಸಿದ್ದು ಯಾರು? ಫೈನಾನ್ಸ್ ಅನಲಿಸ್ಟ್ ಕೆಲಸ ಕಲಿಸಿದ 10 ಪಾಠಗಳು

ಅಪ್ಪ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸಂಜೆ ವ್ಯಾಪಾರ ಮುಗಿದ ಮೇಲೆ ಕೀರ್ದಿ ಪುಸ್ತಕ ತೆರೆದು ಜಮಾ ಒಂದು ಕಡೆ, ಖರ್ಚು ಒಂದು ಕಡೆ ಕೂಡುತ್ತಿದ್ದರು. ಉಳಿದದ್ದನ್ನು ಶಿಲ್ಕು ಎಂದು ಬರೆದು, ಆಮೇಲೆ ಗಲ್ಲಾಪೆಟ್ಟಿಗೆಯ ನೋಟು, ಚಿಲ್ಲರೆ ಎಣಿಸುತ್ತಿದ್ದರು. ಎರಡೂ ತಾಳೆಯಾಗದೆ ಮನೆಗೆ ಬರುತ್ತಿರಲಿಲ್ಲ. 4 ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ 9 ಗಂಟೆಯವರೆಗೆ ಕೂತದ್ದುಂಟು. "ಆ ನಾಲ್ಕು ರೂಪಾಯಿ ನೀವೇ ಹಾಕಿ ಬರಬಾರದಾ?" ಎಂದು ಅಮ್ಮ ಒಮ್ಮೆ ಗೊಣಗಿದ್ದಕ್ಕೆ, "ಹಾಕಿದ್ರೆ ದುಡ್ಡು ಸರಿ ಆಗ್ತದೆ ಮಾರಾಯ್ತಿ, ಲೆಕ್ಕ ಸರಿ ಆಗ್ತದಾ?" ಎಂದಿದ್ದರು.

ನಾನು ಶಿವಮೊಗ್ಗದಲ್ಲಿ ಬಿ.ಕಾಂ ಮುಗಿಸಿ 2007ರಲ್ಲಿ ಬೆಂಗಳೂರಿಗೆ ಬಂದೆ. ಮೊದಲು ಒಂದು ಆಡಿಟರ್ ಕಚೇರಿ, ಆಮೇಲೆ ಹತ್ತು ವರ್ಷ ಪೀಣ್ಯದ ಬಿಡಿಭಾಗಗಳ ಕಾರ್ಖಾನೆ, ಈಗ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಬಹುರಾಷ್ಟ್ರೀಯ ಕಂಪನಿ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ನಮ್ಮ ಹುಡುಗ ಫೈನಾನ್ಸ್ ಅನಲಿಸ್ಟ್ ಆಗ್ತಾನಂತೆ, ಯಾವ ಕೋರ್ಸಿಗೆ ಹಾಕಲಿ?" ಕೋರ್ಸಿನ ಮಾತು ಈ ಪಟ್ಟಿಯಲ್ಲಿ ಹತ್ತನೆಯದು. ಅದಕ್ಕೆ ಮೊದಲು ತಿಳಿಯಬೇಕಾದ ಒಂಬತ್ತು ಸಂಗತಿಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ನಾನು ತಪ್ಪು ಮಾಡಿಯೇ ಕಲಿತದ್ದು.

1. ಯಾವ ಅನಲಿಸ್ಟ್ ಎಂದು ಮೊದಲು ಕೇಳಿಕೊಳ್ಳಿ

ಈ ಒಂದು ಹೆಸರಿನಡಿ ಕನಿಷ್ಠ ನಾಲ್ಕು ಬೇರೆ ಬೇರೆ ಉದ್ಯೋಗಗಳಿವೆ. ಬ್ರೋಕಿಂಗ್ ಸಂಸ್ಥೆಯಲ್ಲೋ ಮ್ಯೂಚುವಲ್ ಫಂಡ್‌ನಲ್ಲೋ ಇದ್ದು, ಷೇರನ್ನು ಕೊಳ್ಳಬೇಕೇ ಮಾರಬೇಕೇ ಎಂದು ಬರೆಯುವವರು ಈಕ್ವಿಟಿ ರಿಸರ್ಚ್ ಅನಲಿಸ್ಟ್. ಸಾಲ ಕೇಳಿ ಬಂದವರಿಗೆ ತೀರಿಸುವ ತಾಕತ್ತಿದೆಯೇ ಎಂದು ಅಳೆಯುವವರು ಬ್ಯಾಂಕು, ರೇಟಿಂಗ್ ಸಂಸ್ಥೆಗಳ ಕ್ರೆಡಿಟ್ ಅನಲಿಸ್ಟ್. ಕಂಪನಿಗಳ ಖರೀದಿ, ವಿಲೀನಕ್ಕೆ ಬೆಲೆ ಕಟ್ಟುವವರು ಇನ್ವೆಸ್ಟ್‌ಮೆಂಟ್ ಬ್ಯಾಂಕಿನವರು. ನಾಲ್ಕನೆಯದು ನನ್ನದು. ಒಂದು ಕಂಪನಿಯ ಒಳಗೇ ಇದ್ದು ಬಜೆಟ್, ಮುಂದಿನ ತಿಂಗಳುಗಳ ಅಂದಾಜು, ತಿಂಗಳ ವರದಿ ನೋಡಿಕೊಳ್ಳುವ ಕೆಲಸ. ಕಚೇರಿ ಭಾಷೆಯಲ್ಲಿ ಎಫ್‌ಪಿ ಆ್ಯಂಡ್ ಎ.

ತಿಂಗಳ ಮೊದಲ ವಾರ ನಮಗೆ ಸುಗ್ಗಿ. ಅಕೌಂಟ್ಸ್‌ನವರು ಮೂರು–ನಾಲ್ಕು ದಿನಗಳಲ್ಲಿ ಹಿಂದಿನ ತಿಂಗಳ ಪುಸ್ತಕ ಮುಚ್ಚುತ್ತಾರೆ. ಮುಚ್ಚಿದ ಕೂಡಲೇ ನಮ್ಮ ಕೆಲಸ ಶುರು: ಬಜೆಟ್‌ನಲ್ಲಿ ಏನಿತ್ತು, ಆದದ್ದೇನು, ಯಾಕೆ ಹಾಗಾಯಿತು, ಇನ್ನು ಮುಂದೆ ಏನಾದೀತು. ಏನಾಯಿತೆಂದು ಬರೆಯುವುದು ಅಕೌಂಟೆಂಟ್ ಕೆಲಸ. ಯಾಕಾಯಿತೆಂದು ಹೇಳುವುದು ಅನಲಿಸ್ಟ್ ಕೆಲಸ. ಸಂದರ್ಶನಕ್ಕೆ ಬರುವವರಲ್ಲಿ ಹಲವರು ಷೇರುಪೇಟೆಯ ಬಗ್ಗೆ ಚೆನ್ನಾಗಿ ಓದಿಕೊಂಡು ಬಂದಿರುತ್ತಾರೆ. ನಾವು ಡೀಸೆಲ್ ಖರ್ಚಿನ ಬಗ್ಗೆ ಕೇಳಿದಾಗ ಅವರ ಮುಖ ಬಾಡುತ್ತದೆ. ಯಾವ ಮನೆಯ ಬಾಗಿಲು ತಟ್ಟುತ್ತಿದ್ದೀರಿ ಎಂಬುದು ಗೊತ್ತಿರಲಿ.

2. ಮೂರು ಪಟ್ಟಿಗಳ ನಂಟು ಬಾಯಿಗೆ ಬರಲಿ

ಲಾಭ–ನಷ್ಟ ಪಟ್ಟಿ, ಅಢಾವೆ ಪತ್ರಿಕೆ ಎಂದು ನಮ್ಮ ಸೊಸೈಟಿಗಳು ಕರೆಯುವ ಬ್ಯಾಲೆನ್ಸ್ ಶೀಟ್, ನಗದು ಹರಿವಿನ ಪಟ್ಟಿ: ಇವು ಒಂದೇ ಹಗ್ಗದ ಮೂರು ಎಳೆ. ಒಂದನ್ನು ಎಳೆದರೆ ಉಳಿದೆರಡು ಅಲುಗಲೇಬೇಕು.

ಹೊಸಬರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಸವಕಳಿ 10 ಲಕ್ಷ ರೂಪಾಯಿ ಹೆಚ್ಚಾದರೆ, ತೆರಿಗೆ ದರ ಶೇ 25 ಇದ್ದರೆ, ಮೂರೂ ಪಟ್ಟಿಗಳಲ್ಲಿ ಏನಾಗುತ್ತದೆ? ಪುಸ್ತಕದ ಉತ್ತರ ಹೀಗಿದೆ: ತೆರಿಗೆಗೆ ಮುಂಚಿನ ಲಾಭ 10 ಲಕ್ಷ ಇಳಿಯುತ್ತದೆ, ತೆರಿಗೆ ಎರಡೂವರೆ ಲಕ್ಷ ಕಡಿಮೆ, ನಿವ್ವಳ ಲಾಭ ಏಳೂವರೆ ಲಕ್ಷ ಕಡಿಮೆ. ಸವಕಳಿಗೆ ಯಾರೂ ಹಣ ಕೊಡುವುದಿಲ್ಲ. ಹಾಗಾಗಿ ಉಳಿದ ತೆರಿಗೆಯ ಎರಡೂವರೆ ಲಕ್ಷ ಕೈಯಲ್ಲಿ ಹೆಚ್ಚಾಗುತ್ತದೆ. ಆಸ್ತಿಯ ಕಡೆ ಯಂತ್ರ 10 ಲಕ್ಷ ಇಳಿದು ನಗದು ಎರಡೂವರೆ ಏರಿತು. ಹೊಣೆಯ ಕಡೆ ಮೀಸಲು ಏಳೂವರೆ ಇಳಿಯಿತು. ತಾಳೆ.

ಇಷ್ಟು ಹೇಳಿದವರಿಗೆ ಅರ್ಧ ಅಂಕ. ನಮ್ಮ ದೇಶದಲ್ಲಿ ಕಂಪನಿ ಕಾಯ್ದೆಯ ಸವಕಳಿ ಬೇರೆ, ಆದಾಯ ತೆರಿಗೆಯ ಸವಕಳಿ ಬೇರೆ. ಪುಸ್ತಕದಲ್ಲಿ ಮಾತ್ರ ಸವಕಳಿ ಏರಿಸಿದರೆ ತೆರಿಗೆ ಇಲಾಖೆಗೆ ಕಟ್ಟುವ ಹಣದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಆ ಎರಡೂವರೆ ಲಕ್ಷ ಮುಂದೂಡಿದ ತೆರಿಗೆ, ಅಂದರೆ ಡೆಫರ್ಡ್ ಟ್ಯಾಕ್ಸ್ ಖಾತೆಗೆ ಹೋಗಿ ಕೂರುತ್ತದೆ. ಶಿಲ್ಕು ಇದ್ದಷ್ಟೇ ಇರುತ್ತದೆ. "ಯಾವ ಸವಕಳಿ ಮೇಡಂ, ಬುಕ್ಸ್‌ದಾ, ಟ್ಯಾಕ್ಸ್‌ದಾ?" ಎಂದು ತಿರುಗಿ ಕೇಳುವ ಹುಡುಗಿಯೊಬ್ಬಳು ಸಿಕ್ಕ ದಿನ ಉಳಿದ ಸಂದರ್ಶನಗಳನ್ನು ರದ್ದು ಮಾಡಿದ್ದೆ.

3. ಸಂಬಳ ಕೊಡುವುದು ಲಾಭದಿಂದಲ್ಲ, ಶಿಲ್ಕಿನಿಂದ

ಪೀಣ್ಯದಲ್ಲಿ ನನ್ನ ಮೊದಲ ವರ್ಷ ದೊಡ್ಡ ಗಿರಾಕಿಯೊಬ್ಬರು ಆರ್ಡರನ್ನು ಇಮ್ಮಡಿ ಮಾಡಿದರು. ಕಚೇರಿಯಲ್ಲಿ ಮೈಸೂರು ಪಾಕ್ ಹಂಚಿದರು. ನಮ್ಮ ಮುಖ್ಯ ಹಣಕಾಸು ಅಧಿಕಾರಿ ಮಾತ್ರ ಸಿಹಿಯನ್ನು ಕಾಗದದಲ್ಲಿ ಸುತ್ತಿಟ್ಟು ನನಗೊಂದು ಲೆಕ್ಕ ಕೊಟ್ಟರು.

ತಿಂಗಳಿಗೆ 50 ಲಕ್ಷದ ಮಾಲು, ಅದಕ್ಕೆ 40 ಲಕ್ಷ ಖರ್ಚು ಎಂದಿಟ್ಟುಕೊಳ್ಳಿ. ಗಿರಾಕಿ ಹಣ ಕೊಡುವುದು 90 ದಿನಕ್ಕೆ. ನಾವು ಕೊಡಬೇಕಾದದ್ದು 45 ದಿನಕ್ಕೆ. ನಡುವಿನ ಒಂದೂವರೆ ತಿಂಗಳ ಖರ್ಚು, ಅಂದರೆ 60 ಲಕ್ಷ, ಸದಾ ನಮ್ಮ ಕೈಯಿಂದ ಹೋಗಿ ಹೊರಗೆ ನಿಂತಿರುತ್ತದೆ. ಆರ್ಡರ್ ಇಮ್ಮಡಿಯಾದರೆ ಅದು 1 ಕೋಟಿ 20 ಲಕ್ಷ. ಲಾಭ ಇಮ್ಮಡಿಯಾಗುವ ಮೊದಲೇ ಇನ್ನೊಂದು 60 ಲಕ್ಷ ಹೊಂದಿಸಬೇಕು. ಕೂಲಿಯನ್ನು 45 ದಿನ ತಡೆಹಿಡಿಯಲಾಗುವುದಿಲ್ಲ, ಉಗ್ರಾಣದಲ್ಲಿ ಕಬ್ಬಿಣ ಇಟ್ಟುಕೊಳ್ಳಲೇಬೇಕು. ಆದ್ದರಿಂದ ನಿಜವಾದ ಮೊತ್ತ ಇನ್ನೂ ದೊಡ್ಡದು. "ಬೆಳೆದು ಬೆಳೆದೇ ಬಾಗಿಲು ಹಾಕಿದ ಕಂಪನಿಗಳು ಪೀಣ್ಯದಲ್ಲಿ ಬೇಕಾದಷ್ಟಿವೆ" ಎಂದರು ಅವರು.

ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆಯಲ್ಲೇ ಇದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಬಹಳ ಕಾಲ ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕಡಿಮೆ. 2023ರ ಹಣಕಾಸು ಕಾಯ್ದೆ ಅದಕ್ಕೆ ತೆರಿಗೆಯ ಕೊಕ್ಕೆ ಸಿಕ್ಕಿಸಿತು: ಅತಿಸಣ್ಣ, ಸಣ್ಣ ಉದ್ದಿಮೆಗಳಿಗೆ ಅವಧಿಯೊಳಗೆ ಕೊಡದ ಹಣವನ್ನು, ನಿಜವಾಗಿ ಕೊಡುವವರೆಗೆ, ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಅದು ಜಾರಿಗೆ ಬರುವ ಹೊತ್ತಿಗೆ, 2024ರ ಮಾರ್ಚ್‌ನಲ್ಲಿ, ಎಲ್ಲ ಕಂಪನಿಗಳ ಅನಲಿಸ್ಟ್‌ಗಳೂ ಕೊಡಬೇಕಾದವರ ಪಟ್ಟಿ ಹಿಡಿದು ಯಾರು ಸಣ್ಣವರು, ಯಾರು ಮಧ್ಯಮ ಎಂದು ಜರಡಿ ಹಿಡಿದದ್ದೇ ಹಿಡಿದದ್ದು. ಕಾನೂನಿನ ಒಂದು ಸಾಲು ಶಿಲ್ಕನ್ನು ಹೀಗೆ ಅಲುಗಿಸುತ್ತದೆ. ಪತ್ರಿಕೆಯ ಬಜೆಟ್ ಪುಟ ನಮಗೆ ಪಠ್ಯಪುಸ್ತಕ.

4. ವ್ಯತ್ಯಾಸವನ್ನೇ ಮತ್ತೊಮ್ಮೆ ಬರೆದರೆ ಅದು ಕಾರಣವಾಗದು

ನನ್ನ ಮೊದಲ ತಿಂಗಳ ವರದಿಯಲ್ಲಿ ಬರೆದಿದ್ದೆ: "ಮಾರಾಟ ಕಡಿಮೆಯಾದ್ದರಿಂದ ಆದಾಯ ಬಜೆಟ್‌ಗಿಂತ ಕಡಿಮೆಯಾಗಿದೆ." ಸಾಹೇಬರು ಕೆಂಪು ಪೆನ್ನಿನಲ್ಲಿ ಪಕ್ಕಕ್ಕೆ ಗೀಚಿದ್ದರು: "ಮಳೆ ಬಂದಿದ್ದರಿಂದ ಮಳೆ ಬಂತು."

ವ್ಯತ್ಯಾಸವನ್ನು ಒಡೆಯಬೇಕು. 10,000 ಬಿಡಿಭಾಗಗಳನ್ನು ತಲಾ 200 ರೂಪಾಯಿಗೆ ಮಾರುವ ಯೋಜನೆ, ಅಂದರೆ 20 ಲಕ್ಷ. ಮಾರಿದ್ದು 9,000, ದರ 215, ಒಟ್ಟು 19,35,000. ಕೊರತೆ 65,000 ಎಂದು ನೋಡಿದವರು ಅಷ್ಟಕ್ಕೇ ನಿಲ್ಲುತ್ತಾರೆ. ಒಡೆದು ನೋಡಿದರೆ 1,000 ಬಿಡಿಭಾಗ ಕಡಿಮೆ ಹೋಗಿದ್ದಕ್ಕೆ 2 ಲಕ್ಷ ನಷ್ಟ. ದರ 15 ರೂಪಾಯಿ ಏರಿದ್ದಕ್ಕೆ 1,35,000 ಲಾಭ. ಈಗ ನಿಜವಾದ ಪ್ರಶ್ನೆ ಏಳುತ್ತದೆ. ದರ ಏರಿಸಿದ್ದಕ್ಕೇ ಗಿರಾಕಿ ಆ ಸಾವಿರವನ್ನು ಬೇರೆಡೆ ಕೊಂಡರೇ? ದರ ಏರಿದ್ದು ನಮ್ಮ ಜಾಣತನವೇ, ಇಲ್ಲ ಉಕ್ಕಿನ ಬೆಲೆ ಏರಿದ್ದನ್ನು ದಾಟಿಸಿದ್ದೇ? ಹಾಗಾದರೆ ಉಕ್ಕು ಇಳಿದಾಗ ಈ 15 ರೂಪಾಯಿಯೂ ಹೋಗುತ್ತದಲ್ಲ?

ಮಂಡಿಯವರಿಗೆ ಇದೆಲ್ಲ ಸಹಜವಾಗಿ ಗೊತ್ತು. ಈ ವಾರ ವ್ಯಾಪಾರ ಚೆನ್ನಾಗಿತ್ತೇ ಎಂದರೆ, ರೇಟಿನಲ್ಲೋ ಮೂಟೆಯಲ್ಲೋ, ರಾಶಿ ಅಡಿಕೆಯಲ್ಲೋ ಬೆಟ್ಟೆ ಅಡಿಕೆಯಲ್ಲೋ ಎಂದು ತಿರುಗಿ ಕೇಳುತ್ತಾರೆ. ಅದನ್ನೇ ನಾವು ಪ್ರೈಸ್, ವಾಲ್ಯೂಮ್, ಮಿಕ್ಸ್ ಎಂದು ಸೂಟು ತೊಡಿಸಿ ಕರೆಯುತ್ತೇವೆ.

5. ಕುರ್ಚಿ ಬಿಟ್ಟು ಏಳಿ

ಒಂದು ತಿಂಗಳು ಡೀಸೆಲ್ ಖರ್ಚು ಮೂರು ಪಟ್ಟಾಯಿತು. ನಾನು ಮೂರು ದಿನ ಕೂತು ಡೀಸೆಲ್ ದರದ ಗ್ರಾಫ್ ಬಿಡಿಸಿದೆ, ಉತ್ಪಾದನೆಯ ಜೊತೆ ಹೋಲಿಸಿದೆ, ಹಿಂದಿನ 24 ತಿಂಗಳ ಸರಾಸರಿ ತೆಗೆದೆ. ಯಾವುದೂ ಹೊಂದಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎದುರು ಕೂತ ಎಲೆಕ್ಟ್ರಿಷಿಯನ್ ಹತ್ತಿರ ಸುಮ್ಮನೆ ಮಾತು ತೆಗೆದೆ. "ಟ್ರಾನ್ಸ್‌ಫಾರ್ಮರ್ ಸುಟ್ಟೋಗಿತ್ತಲ್ಲ ಮೇಡಂ, ಹನ್ನೊಂದು ದಿನ ಜನರೇಟರ್ ಮೇಲೇ ಓಡಿಸಿದ್ವಿ. ನಿಮಗ್ಯಾರೂ ಹೇಳ್ಲಿಲ್ವಾ?" ಎಂದರು ಅವರು, ಸಾರು ಕಲಸುತ್ತಾ.

ಯಾರೂ ಹೇಳಿರಲಿಲ್ಲ, ಯಾಕೆಂದರೆ ನಾನು ಕೇಳಿರಲಿಲ್ಲ. ಅಂದಿನಿಂದ ತಿಂಗಳ ವರದಿ ಬರೆಯುವ ಮೊದಲು ಒಂದು ಸುತ್ತು ಹಾಕುವುದು ಅಭ್ಯಾಸವಾಯಿತು: ಉಗ್ರಾಣ, ಮೆಂಟೆನೆನ್ಸ್, ಡಿಸ್ಪ್ಯಾಚ್, ಕೊನೆಗೆ ಗೇಟಿನ ಸೆಕ್ಯುರಿಟಿ. ಸೆಕ್ಯುರಿಟಿಯವರ ರಿಜಿಸ್ಟರ್‌ನಲ್ಲಿ ಎಷ್ಟು ಲಾರಿ ಬಂತು, ಎಷ್ಟು ಹೊತ್ತು ನಿಂತಿತು ಎಂಬುದು ಕಂಪನಿಯ ಸ್ಯಾಪ್ ತಂತ್ರಾಂಶಕ್ಕಿಂತ ಚೆನ್ನಾಗಿ ಸಿಗುತ್ತಿತ್ತು. ಈಗ ನನ್ನ ಕಾರ್ಖಾನೆಗಳು ಮೂರು ದೇಶಗಳಲ್ಲಿವೆ, ನಡೆದು ಹೋಗಲಾಗುವುದಿಲ್ಲ. ಆದರೂ ಪ್ರತಿ ಕಾರ್ಖಾನೆಯಲ್ಲೂ ಫೋನ್ ಮಾಡಬಹುದಾದ ಒಬ್ಬ ಮನುಷ್ಯನನ್ನು ಇಟ್ಟುಕೊಂಡಿದ್ದೇನೆ.

ಅಂಕಿಗಳನ್ನು ಕೊಟ್ಟರೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ವರದಿಯ ವಾಕ್ಯಗಳನ್ನು ಒಂದು ನಿಮಿಷದಲ್ಲಿ ಬರೆದುಕೊಡುತ್ತವೆ. ಕೆಲಸ ಉಳಿಯುತ್ತದಾ ಎಂದು ಕಿರಿಯರು ಕೇಳುತ್ತಾರೆ. ನಾನು ಮೂರು ದಿನ ಕೂತು ಮಾಡಿದ ಆ ಗ್ರಾಫ್ ಕೆಲಸ ಉಳಿಯುವುದಿಲ್ಲ. ಕ್ಯಾಂಟೀನಿನ ಕೆಲಸ ಉಳಿಯುತ್ತದೆ.

6. ಅಂದಾಜು ಕಲಿಯಬೇಕೆಂದರೆ ಚೇಣಿದಾರರನ್ನು ನೋಡಿ

ಮಲೆನಾಡಿನಲ್ಲಿ ಅಡಿಕೆ ಫಸಲನ್ನು ಚೇಣಿ, ಅಂದರೆ ಗುತ್ತಿಗೆ ಕೊಡುವ ಪದ್ಧತಿ ಇದೆ. ಗೊನೆ ಇನ್ನೂ ಮರದ ಮೇಲಿರುವಾಗಲೇ ಚೇಣಿದಾರ ತೋಟ ಸುತ್ತಿ, ಕತ್ತೆತ್ತಿ ಗೊನೆ ನೋಡಿ, ಇಷ್ಟು ಕ್ವಿಂಟಲ್ ಆಗಬಹುದೆಂದು ಮಾತಾಡುತ್ತಾನೆ. ಅವನು ಒಂದೇ ಸಂಖ್ಯೆ ಹೇಳಿ ಸುಮ್ಮನಾಗುವುದಿಲ್ಲ. ಕೊಳೆರೋಗ ಬಾರದಿದ್ದರೆ ಇಷ್ಟು, ಬೋರ್ಡೋ ದ್ರಾವಣ ಎರಡನೇ ಸಲ ಹೊಡೆಯುವುದು ತಡವಾದರೆ ಇಷ್ಟು ಎಂದು ಷರತ್ತಿನ ಸಮೇತ ಹೇಳುತ್ತಾನೆ. ಅಂದಾಜಿಗಿಂತ ಆ ಷರತ್ತುಗಳಿಗೇ ತೂಕ.

ನಾನು 2020–21ರ ಬಜೆಟ್ ಮುಗಿಸಿ, ಬೈಂಡ್ ಮಾಡಿಸಿ ಮೇಜಿನ ಮೇಲಿಟ್ಟಾಗ ಮಾರ್ಚ್ ಮೊದಲ ವಾರ. 25ನೇ ತಾರೀಖಿಗೆ ದೇಶವೇ ಬಾಗಿಲು ಹಾಕಿತು. ಆ ಪುಸ್ತಕದ ಒಂದು ಪುಟವೂ ಉಪಯೋಗಕ್ಕೆ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ಕೊನೆಯಲ್ಲಿ ಅನುಬಂಧವಾಗಿ ಹಾಕಿದ್ದ ಊಹೆಗಳ ಪಟ್ಟಿ: ತಿಂಗಳಿಗೆ ಇಷ್ಟು ಕೆಲಸದ ದಿನ, ಇಷ್ಟು ದಿನಕ್ಕೆ ವಸೂಲಿ, ಇಷ್ಟು ಜನ. ಒಂದೊಂದೇ ಊಹೆ ಬದಲಿಸಿ 13 ವಾರಗಳ ನಗದು ಪಟ್ಟಿ ಮಾಡಿದೆವು. ಲಾಭದ ಮಾತೇ ಇಲ್ಲ. ಯಾವ ಸೋಮವಾರ ಎಷ್ಟು ಬರುತ್ತದೆ, ಯಾವ ಶುಕ್ರವಾರ ಎಷ್ಟು ಹೋಗುತ್ತದೆ ಎಂಬುದಷ್ಟೇ.

ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ಬಿಡುವು ಕೊಡಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ನಮ್ಮಲ್ಲೊಬ್ಬರು ಕಂತುಗಳನ್ನು ಪಟ್ಟಿಯಿಂದ ಅಳಿಸಿಯೇಬಿಟ್ಟರು. ಬಿಡುವೆಂದರೆ ಮನ್ನಾ ಅಲ್ಲ. ಆ ಮೂರು ತಿಂಗಳೂ ಬಡ್ಡಿ ಏರುತ್ತಲೇ ಇತ್ತು. ಅಳಿಸಿದ್ದನ್ನು ಬಡ್ಡಿ ಸೇರಿಸಿ ಮುಂದಿನ ತಿಂಗಳುಗಳಿಗೆ ಮತ್ತೆ ಬರೆದೆವು. ಬಜೆಟ್‌ನಲ್ಲಿ ಸಂಖ್ಯೆ ಸುಳ್ಳಾದರೆ ಯಾರೂ ನಿಮ್ಮನ್ನು ತಪ್ಪಿತಸ್ಥರೆನ್ನುವುದಿಲ್ಲ. ಯಾವ ಊಹೆಯ ಮೇಲೆ ನಿಂತಿತ್ತೆಂದು ಬರೆದಿರದಿದ್ದರೆ ಅದು ತಪ್ಪು.

7. ಎಕ್ಸೆಲ್ ನಿಮ್ಮ ತಪ್ಪನ್ನೂ ಅಷ್ಟೇ ಅಂದವಾಗಿ ತೋರಿಸುತ್ತದೆ

ಒಮ್ಮೆ ಸಂಬಳದ ಬಜೆಟ್ ಹಾಳೆಯ ಕೊನೆಗೆ ಒಂದು ಸಾಲು ಸೇರಿಸಿದೆ: ಗುಣಮಟ್ಟ ವಿಭಾಗ, 14 ಜನ. ಮೊತ್ತದ ಸೂತ್ರ ಹಳೆಯ ಕೊನೆಯ ಸಾಲಿಗೇ ನಿಂತಿತ್ತು. ಸಭೆಯಲ್ಲಿ ಹಾಳೆ ಪರದೆಯ ಮೇಲೆ ಬಂತು. ಆ ವಿಭಾಗದ ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು, "ನಮಗೆ ಏಪ್ರಿಲ್‌ನಿಂದ ಸಂಬಳ ಇಲ್ವಾ ಮೇಡಂ?" ಎಂದರು. ಎಲ್ಲರೂ ನಕ್ಕರು. ನನಗೆ ಇವತ್ತಿಗೂ ನಗು ಬರುವುದಿಲ್ಲ.

ಆಮೇಲೆ ಸಮಾಧಾನವೆಂಬಂತೆ ಒಂದು ಸುದ್ದಿ ಓದಿದೆ. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಸರ್ಕಾರಿ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಬಗ್ಗೆ ಒಂದು ಪ್ರಬಂಧ ಬರೆದಿದ್ದರು. ಸರ್ಕಾರಗಳ ಖರ್ಚು ಕಡಿತದ ಚರ್ಚೆಗಳಲ್ಲಿ ಜಗತ್ತಿನಾದ್ಯಂತ ಅದನ್ನು ಉಲ್ಲೇಖಿಸಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಅವರ ಎಕ್ಸೆಲ್ ಹಾಳೆ ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರ ಐದು ದೇಶಗಳನ್ನು ಬಿಟ್ಟು ನಿಂತಿತ್ತು. ನನ್ನದೇ ತಪ್ಪು, ದೊಡ್ಡ ಅಂಗಳದಲ್ಲಿ.

ನನ್ನ ತಂಡದ ಕಟ್ಟಳೆಗಳು ಇಷ್ಟೇ. ಕೈಯಲ್ಲಿ ತುಂಬಿದ ಅಂಕಿ ನೀಲಿ, ಸೂತ್ರ ಕಪ್ಪು. ಸೂತ್ರದ ಒಳಗೆ ಅಂಕಿ ಹುದುಗಿಸಬಾರದು. ಪ್ರತಿ ಹಾಳೆಯ ತಲೆಯಲ್ಲಿ ಒಂದು ತಾಳೆ ಮನೆ. ಅದರಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ಹಾಳೆ ಹೊರಗೆ ಹೋಗಕೂಡದು. ಘಟಕ ಯಾವುದೆಂದು ಬರೆಯಬೇಕು: ಲಕ್ಷವೇ, ಮಿಲಿಯನ್ನೇ? 10 ಲಕ್ಷಕ್ಕೆ 1 ಮಿಲಿಯನ್, 1 ಕೋಟಿಗೆ 10 ಮಿಲಿಯನ್ ಎಂಬುದು ಎಲ್ಲರಿಗೂ ಗೊತ್ತು, ರಾತ್ರಿ 11 ಗಂಟೆಗೆ ಯಾರಿಗೂ ಗೊತ್ತಿರುವುದಿಲ್ಲ. ಕಲಿಯುವವರು ಪಿವಟ್, ಸಮ್‌ಇಫ್ಸ್, ಎಕ್ಸ್‌ಲುಕಪ್, ಪವರ್ ಕ್ವೆರಿ ಇಷ್ಟನ್ನು ಗಟ್ಟಿ ಮಾಡಿಕೊಳ್ಳಲಿ. ಎಸ್‌ಕ್ಯುಎಲ್, ಪವರ್ ಬಿಐ ಕೆಲಸಕ್ಕೆ ಸೇರಿ ಕಲಿಯಬಹುದು.

8. ಲಾರಿ ಗೇಟಿನೊಳಗೆ ಇದ್ದರೆ ಅದು ಮಾರಾಟವಲ್ಲ

ಒಂದು ಮಾರ್ಚ್ 31ರ ರಾತ್ರಿ. ಮಾರಾಟದ ಗುರಿಗೆ 38 ಲಕ್ಷ ಕಡಿಮೆ. ಮಾಲು ತುಂಬಿದ ಲಾರಿ ಗೇಟಿನೊಳಗೆ ನಿಂತಿದೆ, ಚಾಲಕ ಬಂದಿಲ್ಲ. "ಬಿಲ್ ಮಾಡಿಬಿಡೋಣ, ನಾಳೆ ಬೆಳಿಗ್ಗೆ ಹೋಗೇ ಹೋಗ್ತದಲ್ಲ, ಎಂಟು ಗಂಟೆ ವ್ಯತ್ಯಾಸ" ಎಂದರು ಮೇಲಿನವರೊಬ್ಬರು. ಮಾಲಿನ ಮೇಲಿನ ಹಿಡಿತ ಗಿರಾಕಿಗೆ ದಾಟಿದಾಗ ಮಾತ್ರ ಆದಾಯ ಎಂದು ಈಗಿನ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 115 ಹೇಳುತ್ತದೆ. ನಿಯಮ ಹೇಳಿ ವಾದಿಸುವ ಧೈರ್ಯ ಆಗ ನನಗಿರಲಿಲ್ಲ. ಒಂದು ಸಾಲಿನ ಇಮೇಲ್ ಕಳಿಸಿದೆ: "ಲಾರಿ ರಸೀದಿಯ (ಎಲ್‌ಆರ್) ಪ್ರತಿ ಬಂದ ಕೂಡಲೇ ಮಾರಾಟಕ್ಕೆ ಸೇರಿಸುತ್ತೇನೆ, ಸರ್." ಉತ್ತರ ಬರಲಿಲ್ಲ. ಬಿಲ್ ಏಪ್ರಿಲ್ 1ಕ್ಕೆ ಆಯಿತು. ಸಂಬಂಧ ಮೂರು ತಿಂಗಳು ಹುಳಿಯಾಗಿತ್ತು.

ಎಂಟು ಗಂಟೆಗೆ ಯಾಕಿಷ್ಟು ಹಟ ಎಂದರೆ, ನಾನು ಆಡಿಟರ್ ಕಚೇರಿಯಲ್ಲಿದ್ದಾಗ 2009ರ ಜನವರಿ 7 ಬಂದು ಹೋಗಿತ್ತು. ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಅವರ ಪತ್ರ ಹೊರಬಿದ್ದ ದಿನ. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಇಲ್ಲದ ಹಣದ ಮೇಲೆ 376 ಕೋಟಿ ಬಡ್ಡಿಯನ್ನೂ ಬರೆದುಕೊಂಡಿದ್ದರು. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 649 ಕೋಟಿ ಎಂದು ತೋರಿಸಿದ ಕಾರ್ಯಾಚರಣೆ ಲಾಭ ಪತ್ರದ ಪ್ರಕಾರ 61 ಕೋಟಿ. ಆ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಷ್ಟು ದೊಡ್ಡ ಮೊತ್ತಗಳಲ್ಲ. ಇದು ಸಣ್ಣ ಅಂತರವಾಗಿ ಶುರುವಾಗಿ ವರ್ಷ ವರ್ಷ ಬೆಳೆಯಿತು ಎಂಬ ಮಾತು. ಎಂಟು ಗಂಟೆ, ಒಂದು ಲಾರಿ.

ಬ್ಯಾಂಕ್ ಶಿಲ್ಕಿನ ದೃಢೀಕರಣ ಪತ್ರಗಳ ಮೇಲೆ ಲೆಕ್ಕಪರಿಶೋಧಕರು ಹಿಡಿತ ಇಟ್ಟುಕೊಂಡಿರಲಿಲ್ಲವೆಂದು 2011ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಹೇಳಿತು. ಅಂದರೆ ಬ್ಯಾಂಕಿಗೆ ಬರೆದು, ಉತ್ತರವನ್ನು ನೇರ ತಾವೇ ತರಿಸಿಕೊಳ್ಳುವ ಸರಳ ಕೆಲಸ. ಪರಿಶೋಧಕರು ದೊಡ್ಡವರು, ಕಂಪನಿ ದೊಡ್ಡದು. ಶಿಲ್ಕು ಎಣಿಸಿದವರು ಮಾತ್ರ ಯಾರೂ ಇರಲಿಲ್ಲ.

9. ಒಂದು ಪುಟ, ಒಂದು ತೀರ್ಪು

ಆಡಳಿತ ಮಂಡಳಿಗೆ 40 ಸ್ಲೈಡ್ ಮಾಡಿಕೊಂಡು ಹೋದ ದಿನ ಎರಡನೇ ಸ್ಲೈಡಿಗೇ ಯಜಮಾನರು ಕೇಳಿದರು: "ಹಾಗಾದ್ರೆ ಏನು ಮಾಡೋಣ?" ಉತ್ತರ 37ನೇ ಸ್ಲೈಡಿನಲ್ಲಿತ್ತು. ಈಗ ಅದನ್ನೇ ತಲೆಬರಹದಲ್ಲಿ ಬರೆಯುತ್ತೇನೆ. "ಸಾಗಣೆ ವೆಚ್ಚದ ವಿಶ್ಲೇಷಣೆ" ಎಂದಲ್ಲ, "ಅರ್ಧ ತುಂಬಿದ ಲಾರಿ ಕಳಿಸುವುದನ್ನು ನಿಲ್ಲಿಸಿದರೆ ತಿಂಗಳಿಗೆ 6 ಲಕ್ಷ ಉಳಿತಾಯ" ಎಂದು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಇಂಗ್ಲಿಷ್ ಬೇಕು, ಸುಳ್ಳು ಹೇಳುವುದಿಲ್ಲ. ಬೇಕಾಗಿರುವುದು ಸಣ್ಣ ವಾಕ್ಯಗಳ ಇಂಗ್ಲಿಷ್, ಉಚ್ಚಾರಣೆಯ ಬೆಡಗಲ್ಲ. ನಾನು ಎರಡು ವರ್ಷ ಎಲ್ಲ ವಿವರಣೆಯನ್ನೂ ಮೊದಲು ಕನ್ನಡದಲ್ಲಿ ಅಪ್ಪನಿಗೆ ಹೇಳುವಂತೆ ಮನಸ್ಸಿನಲ್ಲೇ ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಅಪ್ಪನಿಗೆ ಅರ್ಥವಾಗುವಂತೆ ಹೇಳಲು ಬಾರದಿದ್ದರೆ ನನಗೇ ಅರ್ಥವಾಗಿಲ್ಲವೆಂದು ಗೊತ್ತಾಗುತ್ತಿತ್ತು.

10. ಈಗ ಕೋರ್ಸಿನ ಮಾತು

ಸಿಎ ಮಾಡಿದವರಿಗೆ ಈ ಕ್ಷೇತ್ರದ ಎಲ್ಲ ಬಾಗಿಲೂ ತೆರೆಯುತ್ತದೆ, ಆದರೆ ಆ ದಾರಿ ಉದ್ದ. ಕಾರ್ಖಾನೆಯ ವೆಚ್ಚ, ಬಜೆಟ್ ಇಷ್ಟವಿದ್ದವರಿಗೆ ಸಿಎಂಎ ಒಳ್ಳೆಯದು. ಇಲ್ಲಿ ಎಚ್ಚರವಿರಲಿ, ಅದೇ ಹೆಸರಿನಲ್ಲಿ ಎರಡಿವೆ: ನಮ್ಮ ದೇಶದ ಕಾಸ್ಟ್ ಅಕೌಂಟೆಂಟ್ಸ್ ಸಂಸ್ಥೆಯ ಫೌಂಡೇಶನ್, ಇಂಟರ್, ಫೈನಲ್ ಮೂರು ಹಂತದ ಸಿಎಂಎ ಒಂದು, ಎರಡು ಭಾಗಗಳ ಅಮೆರಿಕದ ಸಿಎಂಎ ಇನ್ನೊಂದು. ಯಾವುದಕ್ಕೆ ಶುಲ್ಕ ಕಟ್ಟುತ್ತಿದ್ದೀರೆಂದು ಕೇಳಿಯೇ ಕಟ್ಟಿ. ಷೇರು, ಹೂಡಿಕೆಯ ಕಡೆ ಹೋಗುವವರಿಗೆ ಮೂರು ಹಂತಗಳ ಸಿಎಫ್‌ಎ. ಷೇರುಗಳ ಬಗ್ಗೆ ಸಾರ್ವಜನಿಕವಾಗಿ ಶಿಫಾರಸು ಬರೆಯುವ ಕೆಲಸಕ್ಕೆ ಸೆಬಿಯ 2014ರ ನಿಯಮಗಳು ಅನ್ವಯಿಸುತ್ತವೆ. ಅದಕ್ಕೆ ಎನ್‌ಐಎಸ್‌ಎಂ ನಡೆಸುವ ರಿಸರ್ಚ್ ಅನಲಿಸ್ಟ್ ಪರೀಕ್ಷೆ ಇದೆ, ಪಾಸಾಗಲು ಶೇ 60 ಬೇಕು. ಸಾಧಾರಣ ಕಾಲೇಜಿನ ದುಬಾರಿ ಎಂಬಿಎಗಿಂತ ಬಿ.ಕಾಂ ಜೊತೆ ಎರಡು ವರ್ಷ ಆಡಿಟರ್ ಕಚೇರಿಯ ದುಡಿಮೆ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಸಂಬಳ ಕಡಿಮೆ, ಆದರೆ ಹತ್ತಾರು ಕಂಪನಿಗಳ ಹೊಟ್ಟೆಯೊಳಗೆ ಇಳಿದು ನೋಡಲು ಸಿಗುತ್ತದೆ.

ಪ್ರಮಾಣಪತ್ರಕ್ಕಿಂತ ನನ್ನನ್ನು ಒಪ್ಪಿಸುವುದು ಮನೆಯಲ್ಲೇ ಮಾಡಿದ ಒಂದು ಕೆಲಸ. ನಿಮಗೆ ಕಣ್ಣಿಗೆ ಕಾಣುವ ಒಂದು ಕಂಪನಿ ಆರಿಸಿ. ಹುಬ್ಬಳ್ಳಿಯವರು ವಿಆರ್‌ಎಲ್ ಲಾಜಿಸ್ಟಿಕ್ಸ್ ತೆಗೆದುಕೊಂಡು ಡೀಸೆಲ್ ಒಂದು ರೂಪಾಯಿ ಏರಿದರೆ ಲಾಭ ಎಷ್ಟು ಇಳಿಯುತ್ತದೆಂದು ಲೆಕ್ಕ ಹಾಕಲಿ. ಮಂಗಳೂರಿನವರು ಕರ್ಣಾಟಕ ಬ್ಯಾಂಕಿನ ಠೇವಣಿಯ ಬಡ್ಡಿಗೂ ಸಾಲದ ಬಡ್ಡಿಗೂ ನಡುವಿನ ಅಂತರ ಹೇಗೆ ಬದಲಾಯಿತೆಂದು ನೋಡಲಿ. ಇಂಥ ಕಂಪನಿಗಳ ವಾರ್ಷಿಕ ವರದಿಗಳು ಷೇರು ವಿನಿಮಯ ಕೇಂದ್ರಗಳ ಜಾಲತಾಣದಲ್ಲಿ ಉಚಿತ. ಐದು ವರ್ಷಗಳದನ್ನು ಇಳಿಸಿ, ಅಂಕಿಗಳನ್ನು ನೀವೇ ತುಂಬಿ, ಆರನೆಯ ವರ್ಷ ಅಂದಾಜಿಸಿ. ಇಷ್ಟು ದೊಡ್ಡದು ಬೇಡವೆಂದರೆ ನಿಮ್ಮೂರ ಸಹಕಾರ ಸಂಘದ ಮಹಾಸಭೆಗೆ ಹೋಗಿ. ಅಲ್ಲಿ ಹಂಚುವ ವರದಿಯಲ್ಲಿ ಜಮಾ–ಖರ್ಚು, ಲಾಭ–ನಷ್ಟ, ಅಢಾವೆ ಪತ್ರಿಕೆ ಎಲ್ಲವೂ ಕನ್ನಡದಲ್ಲೇ ಇರುತ್ತವೆ. ಸುಸ್ತಿ ಸಾಲ ಎಷ್ಟು ಎಂದು ಎದ್ದು ನಿಂತು ಕೇಳಿ. ಮೊದಲ ಸಂದರ್ಶನಕ್ಕಿಂತ ಅದು ಕಷ್ಟ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ದೊಡ್ಡ ಕಂಪನಿಯೊಂದರ ಅಚ್ಚಾದ ವಾರ್ಷಿಕ ವರದಿ ಕೈಯಲ್ಲಿತ್ತು. ಅಪ್ಪ ಜಗುಲಿಯಲ್ಲಿ ಕೂತು ಪುಟ ತಿರುವಿದರು. ಬಣ್ಣದ ಚಿತ್ರಗಳನ್ನು ದಾಟಿ ನಗದು ಹರಿವಿನ ಪಟ್ಟಿಗೆ ಬಂದು, ಬೆರಳನ್ನು ಕೆಳಗಿನ ಸಾಲಿನವರೆಗೆ ಜಾರಿಸಿದರು.

"ಇದು ಶಿಲ್ಕು ಅಲ್ವನೇ?"

"ಹೌದಪ್ಪ."

"ಎಣಿಸಿದ್ದು ಯಾರು?"

ಆಡಿಟರ್ ಬ್ಯಾಂಕಿನಿಂದ ಪತ್ರ ತರಿಸುತ್ತಾರೆಂದೆ. ಬ್ಯಾಂಕಿನವರು ನೇರ ಆಡಿಟರಿಗೇ ಕಳಿಸುತ್ತಾರೋ, ಕಂಪನಿಯವರ ಕೈಯಲ್ಲಿ ಕೊಟ್ಟು ಕಳಿಸುತ್ತಾರೋ ಎಂದು ಕೇಳಿದರು. ಸತ್ಯಂ ಹೆಸರನ್ನೂ ಅವರು ಕೇಳಿದಂತಿರಲಿಲ್ಲ.

"ನೇರ ಕಳಿಸ್ಬೇಕು ಅಂತ ನಿಯಮ ಇದೆ ಅಪ್ಪ."

"ನಿಯಮ ಇರ್ತದೆ ಪುಟ್ಟಿ" ಎಂದು ಕನ್ನಡಕ ತೆಗೆದರು. "ನಾನು ಕೇಳಿದ್ದು ಎಣಿಸಿದ್ದು ಯಾರು ಅಂತ."